ನಾನು ವೈರಸ್ ಎಂದು ಅಳಿಸಿದ್ದು

ಚನ್ನಗಿರಿ
17 ನವೆಂಬರ್ 2025, ಸೋಮವಾರ

ಪ್ರೀತಿಯ ನೇತ್ರಾ,

ಒಂದು ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಬರೆಯಬೇಕೆಂದು ಕುಳಿತಿದ್ದೆ. ಎರಡು ಹಾಳೆ ಹಾಗೇ ಬರೆದೂ ಆಗಿತ್ತು. ಓದಿ ನೋಡಿದರೆ ಊರಿನ ಸಮಾಚಾರವೆಲ್ಲ ಇತ್ತು, ಬರೆಯಲು ಕೂತ ಕಾರಣ ಮಾತ್ರ ಇರಲಿಲ್ಲ. ಆ ಹಾಳೆಗಳನ್ನು ಹರಿದು ಈಗ ಮೊದಲಿಗೇ ಹೇಳುತ್ತೇನೆ. ಅಮ್ಮ ನಿನಗೆಂದು ಬರೆದಿಟ್ಟಿದ್ದ ಒಂಬತ್ತು ಪತ್ರಗಳನ್ನು ನಾನು ನಮ್ಮ ಮನೆಯ ಕಂಪ್ಯೂಟರಿನಿಂದ ಅಳಿಸಿಹಾಕಿದ್ದೇನೆ. ಬೇಕೆಂದು ಮಾಡಿದ್ದಲ್ಲ. ಆದರೆ ತಿಳಿಯದೆ ಆಯಿತು ಎಂದು ಹೇಳಿ ಸುಮ್ಮನಾಗಲೂ ಮನಸ್ಸು ಒಪ್ಪುತ್ತಿಲ್ಲ. ತಿಳಿದುಕೊಳ್ಳಬಹುದಿತ್ತು, ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ನೀನು ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಆಸ್ಪತ್ರೆಯಲ್ಲಿ ಇಡೀ ದಿನ ನಿಂತೇ ಇರುವವಳು ನೀನು, ರೋಗಿಗಳಿಗೆ ಹೇಳುವ ವ್ಯಾಯಾಮವನ್ನು ನೀನೂ ಮಾಡುತ್ತೀಯೋ ಇಲ್ಲವೋ. ಕೆಂಚೇಶ್ ಅವರ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಚೈತ್ರಶ್ರೀ ಈ ವರ್ಷ ಹತ್ತನೇ ತರಗತಿ ಅಲ್ಲವೇ, ಓದು ಓದು ಎಂದು ಅವಳ ತಲೆ ತಿನ್ನಬೇಡ. ಇಲ್ಲಿ ಅಮ್ಮನಿಗೆ ಬಿ.ಪಿ. ಸರಿಯಾಗಿದೆ, ಎಡಮೊಣಕಾಲು ಮಾತ್ರ ಮೆಟ್ಟಿಲು ಹತ್ತುವಾಗ ಹಿಡಿಯುತ್ತದೆ. ನಿಮ್ಮಣ್ಣ ನ್ಯಾಮತಿಯ ಆಫೀಸಿಗೆ ದಿನಾ ಬಸ್ಸಿನಲ್ಲೇ ಹೋಗಿಬರುತ್ತಿದ್ದಾರೆ. ಕೂರಲು ಸೀಟು ಸಿಕ್ಕ ದಿನ ಮನೆಗೆ ಬಂದು ಅದನ್ನೇ ದೊಡ್ಡ ಸುದ್ದಿಯಂತೆ ಹೇಳುತ್ತಾರೆ. ನಾನು ಎಂದಿನಂತೆ ಕಾಲೇಜಿನ ಲೈಬ್ರರಿ, ಮನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಆಮೇಲೆ ‘ಆರಾಮ’ ಎಂದು ಒಂದು ಮೆಸೇಜ್ ಬರುತ್ತದೆ. ಅದಕ್ಕೆ ಬೇಸರವಿಲ್ಲ. ಫೋನಿನಲ್ಲಾದರೆ ನಾನು ಇದನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದೆ, ಅದಕ್ಕೇ ಕಾಗದ. ನನ್ನ ಕನ್ನಡ ನಿನಗೆ ಗೊತ್ತಿರುವುದೇ. ಮದುವೆಯಾದ ಹೊಸತರಲ್ಲಿ ನಾನು ಬರೆದ ಕಾಗದ ನೋಡಿ ‘ಅತ್ತಿಗೆ, ನಿಮ್ ಒತ್ತಕ್ಷರ ಒಂದಕ್ಕೊಂದು ಜಗಳ ಆಡ್ಯಾವೆ’ ಅಂದಿದ್ದೆ. ದಾವಣಗೆರೆಯ ಕಾನ್ವೆಂಟಿನಲ್ಲಿ ಓದಿದವಳು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾದರೂ ಅವು ಇನ್ನೂ ರಾಜಿಯಾಗಿಲ್ಲ. ಈ ಕಥೆಯಲ್ಲಿ ಆಗಿರುವುದೂ ಒಂದು ರೀತಿಯಲ್ಲಿ ಅದೇ.

ಶುರುವಾದದ್ದು ನನ್ನ ಜೊತೆಯಲ್ಲಿ ಕೆಲಸ ಮಾಡುವ ಮಾಲಾಳಿಂದ. ಕಳೆದ ತಿಂಗಳು ಅವಳ ಮನೆಯ ಕಂಪ್ಯೂಟರಿಗೆ ಯಾರೋ ಕಳ್ಳರು ಹೊಕ್ಕರು. ಯಾವುದೋ ಬಿಲ್ಲು ಎಂದು ಬಂದ ಇ-ಮೇಲ್ ತೆರೆದಳಂತೆ. ಬೆಳಗಾಗುವಷ್ಟರಲ್ಲಿ ಇದ್ದಬದ್ದ ಫೋಟೋ, ಕಡತಗಳಿಗೆಲ್ಲ ಬೀಗ. ಯಾವುದನ್ನು ತೆರೆದರೂ ಅರ್ಥವಿಲ್ಲದ ಅಕ್ಷರಗಳು, ಜೊತೆಗೆ ಪರದೇಶದ ದುಡ್ಡಿನಲ್ಲಿ ಇಷ್ಟು ಕೊಟ್ಟರೆ ಬಿಡಿಸಿಕೊಡುತ್ತೇವೆ ಎಂಬ ಚೀಟಿ. ಅವಳ ತಂದೆಯ ಕೊನೆಯ ಫೋಟೋಗಳು ಅದರಲ್ಲೇ ಇದ್ದವು. ಊಟದ ಹೊತ್ತಿನಲ್ಲಿ ಡಬ್ಬಿ ತೆರೆದಿಟ್ಟುಕೊಂಡು ತಿನ್ನದೆ ಕೂತಿದ್ದಳು. ಕಂಪ್ಯೂಟರ್ ಪಾಠ ಮಾಡುವ ಮೇಷ್ಟ್ರು ನಮಗೆಲ್ಲ ಹೇಳಿದರು, ‘ಹೊರಗಿಂದ ಏನೂ ಕೊಂಡು ಹಾಕ್ಬೇಕಾಗಿಲ್ರಿ. ಕಾವಲುಗಾರ ಮಷೀನಿನ ಒಳಗೇ ಅದಾನೆ, ನೀವು ಎಬ್ಬಿಸಿಲ್ಲ ಅಷ್ಟೆ.’ ಆ ಮಾತು ನನ್ನನ್ನು ಬಿಡಲಿಲ್ಲ. ನವೆಂಬರ್ ಎರಡು, ಭಾನುವಾರ, ಅಮ್ಮ ಬಂಗಾರಮ್ಮನ ಮೊಮ್ಮಗಳ ನಾಮಕರಣಕ್ಕೆಂದು ಕತ್ತಲಗೆರೆಗೆ ಹೋಗಿದ್ದರು, ನಿಮ್ಮಣ್ಣನೂ ಜೊತೆಗೆ. ಮನೆಯಲ್ಲಿ ನಾನೊಬ್ಬಳೇ. ಕಾವಲುಗಾರನನ್ನು ಎಬ್ಬಿಸಲು ಕುಳಿತೆ.

ನೇತ್ರಾ, ನಾನು ಯಾರನ್ನು ನಂಬುತ್ತೇನೆ ಎಂದು ಒಂದೇ ದಿನದಲ್ಲಿ ಅಷ್ಟು ಸಲ ಯಾರೂ ನನ್ನನ್ನು ಕೇಳಿದ್ದಿಲ್ಲ. ಮೂಲೆಯಲ್ಲಿ ಒಂದು ಗುರಾಣಿಯ ಚಿತ್ರ ಇದೆ, ಅದನ್ನು ಒತ್ತಿದರೆ ಒಂದೊಂದೇ ಕೋಣೆ ತೆರೆಯುತ್ತದೆ. ಪ್ರತಿ ಕೋಣೆಯಲ್ಲೂ ಒಂದು ಪ್ರಶ್ನೆ. ಇದಕ್ಕೆ ಅನುಮತಿ ಕೊಡುತ್ತೀರಾ? ಇದು ನಿಮಗೆ ಪರಿಚಿತವೇ? ಈ ಸಂಪರ್ಕ ಖಾಸಗಿಯೋ ಸಾರ್ವಜನಿಕವೋ? ಇದಕ್ಕೇ ಕಾಲು ಗಂಟೆ ಯೋಚಿಸಿದೆ. ನಮ್ಮ ಮನೆ ಖಾಸಗಿಯೇ? ಪಕ್ಕದ ಹುಲಿಗೆಮ್ಮ ಹಿತ್ತಲ ಬಾಗಿಲಿನಿಂದ ನೇರ ಅಡುಗೆಮನೆಗೆ ಬಂದು, ನನ್ನನ್ನು ಕರೆಯದೆಯೇ ಹೆಪ್ಪಿಗೆ ಮಜ್ಜಿಗೆ ಬಗ್ಗಿಸಿಕೊಂಡು ಹೋಗುತ್ತಾಳೆ. ಸಾರ್ವಜನಿಕ ಎಂದೇ ಒತ್ತಿದೆ. ಆಮೇಲೆ ಅದೇ ಸರಿ ಎಂದು ಗೊತ್ತಾಯಿತು, ಆದರೆ ನನ್ನ ಕಾರಣ ಸರಿಯಿರಲಿಲ್ಲ. ಐದು ನಿಮಿಷ ಯಾರೂ ಮುಟ್ಟದಿದ್ದರೆ ತಾನೇ ಬೀಗ ಹಾಕಿಕೊಳ್ಳುವಂತೆ ಮಾಡಿದೆ. ತೆರೆಯಲು ಆರು ಅಂಕಿಯ ಗುಟ್ಟು. ಕಡತಗಳ ಕೋಣೆಗೆ ಗುರುತಿಲ್ಲದ ಪ್ರೋಗ್ರಾಂ ಯಾವುದೂ ಕೈ ಹಾಕದಂತೆ ಕಟ್ಟು ಹಾಕುವ ಒಂದು ಗುಂಡಿ ಇತ್ತು, ಮಾಲಾಳನ್ನು ನೆನೆದು ಅದನ್ನೂ ಒತ್ತಿದೆ.

ಆಮೇಲೆ, ಒಳಗೆ ಯಾರ‍್ಯಾರು ಇದ್ದಾರೆ ನೋಡೋಣ ಎಂದು ಪ್ರೋಗ್ರಾಂಗಳ ಪಟ್ಟಿ ತೆರೆದೆ. ಅದರಲ್ಲಿ ಹೆಸರಿನ ಮುಂದೆ ಪ್ರಕಾಶಕರು ಯಾರು ಎಂದೂ ಇರುತ್ತದೆ. ನಾನು ಲೈಬ್ರರಿಯವಳು, ಪ್ರಕಾಶಕರ ಹೆಸರಿಲ್ಲದ ಪುಸ್ತಕ ಕಂಡರೆ ಎರಡು ಸಲ ತಿರುಗಿಸಿ ನೋಡುತ್ತೇನೆ. ಒಂದೇ ಒಂದರ ಮುಂದೆ ಆ ಜಾಗ ಖಾಲಿ ಇತ್ತು. ಹೆಸರು ಇಂಗ್ಲಿಷಿನಲ್ಲಿತ್ತು. ಎನ್, ಯು, ಡಿ, ಐ. ನಾನು ಅದನ್ನು ಇಂಗ್ಲಿಷಾಗಿಯೇ ಓದಿಕೊಂಡೆ. ಹೇಗೆ ಓದಿದೆ ಎಂದು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ನೀನೇ ಊಹಿಸಿಕೋ. ಕಿವಿ ಬಿಸಿಯಾಯಿತು. ಈ ಮನೆಯಲ್ಲಿ ಕಂಪ್ಯೂಟರ್ ಮುಟ್ಟುವ ಗಂಡಸು ಎಂದರೆ ನಿಮ್ಮಣ್ಣ ಒಬ್ಬರೇ. ಅದನ್ನು ತೆರೆದು ನೋಡುವ ಧೈರ್ಯವಾಗಲಿಲ್ಲ, ಏನು ಕಾಣುತ್ತದೋ ಎಂದು. ಕಣ್ಣು ಮುಚ್ಚಿಕೊಂಡು ತೆಗೆದುಹಾಕಿದೆ. ನುಡಿ ಎಂಬ ತಂತ್ರಾಂಶದ ಹೆಸರು ನಾನು ಕೇಳಿರಲಿಲ್ಲವೆಂದಲ್ಲ. ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಟೈಪ್ ಮಾಡುವುದೇ ಅದರಲ್ಲಿ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ, ನಾನೇ ಹೇಳುತ್ತಿದ್ದೆ. ಕನ್ನಡ ಲಿಪಿಯಲ್ಲಿ ಕಂಡಿದ್ದರೆ ತಕ್ಷಣ ತಿಳಿಯುತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಕಂಡಾಗ ಕನ್ನಡವೂ ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಯಾಕೆ ಹೊಳೆಯಲಿಲ್ಲ ಎಂದು ಒಂಬತ್ತು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಅಷ್ಟಾದ ಮೇಲೆ ಕಡತಗಳ ಕೋಣೆಗೆ ಬಂದೆ. ನನ್ನ ಲೈಬ್ರರಿ ಪಟ್ಟಿಗಳ ಕೆಳಗೆ ಹೆಸರಿಡದ ಒಂದು ಫೋಲ್ಡರ್, ಒಳಗೆ ಒಂದರಿಂದ ಒಂಬತ್ತರವರೆಗೆ ಅಂಕಿಯಿಟ್ಟ ಒಂಬತ್ತು ಕಡತ. ಒಂದನ್ನು ತೆರೆದೆ. ತಲೆಯ ಮೇಲೆ ಕೊಂಬು, ಚುಕ್ಕಿ, ಟೋಪಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳು, ಸಾಲುಸಾಲಾಗಿ, ಪುಟದ ತುಂಬ. ನಡುನಡುವೆ ಬ್ರಿಟಿಷರ ಪೌಂಡಿನ ಗುರುತು. ಒಂದೆರಡಲ್ಲ, ಪ್ರತಿ ಸಾಲಿಗೂ ಐದಾರು. ಮಾಲಾ ಹೇಳಿದ್ದು ಹೀಗೇ ಅಲ್ಲವೇ, ಅರ್ಥವಿಲ್ಲದ ಅಕ್ಷರ, ಪರದೇಶದ ದುಡ್ಡು? ಬಂದೇ ಬಿಟ್ಟಿದ್ದಾರೆ ಎಂದುಕೊಂಡೆ. ಇಂಟರ್ನೆಟ್ಟಿನ ಡಬ್ಬಿಯ ವೈರನ್ನೇ ಗೋಡೆಯಿಂದ ಕಿತ್ತೆ. ಮೇಷ್ಟ್ರಿಗೆ ತೋರಿಸಲು ಸಾಕ್ಷಿ ಇರಲೆಂದು ಒಂಬತ್ತನೆಯದರ ಮೊದಲ ಪುಟವನ್ನು ಮಾತ್ರ ಪ್ರಿಂಟ್ ತೆಗೆದು, ಉಳಿದದ್ದು ಉಳಿಯಬಾರದೆಂದು ಒಂಬತ್ತನ್ನೂ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಆಮೇಲೆ ಇಡೀ ಮಷೀನನ್ನು ಒಂದು ಗಂಟೆ ತಪಾಸಣೆ ಮಾಡಿಸಿದೆ. ಗುರಾಣಿಯ ಮೇಲೆ ಹಸಿರು ಗುರುತು ಬಂತು, ಯಾವ ಅಪಾಯವೂ ಇಲ್ಲ ಎಂದು. ಎಷ್ಟು ಹೆಮ್ಮೆಯಾಯಿತು ಎಂದರೆ, ಎದ್ದು ಹೋಗಿ ಒಂದು ಕಾಫಿ ಮಾಡಿಕೊಂಡು ಕುಡಿದೆ.

ಸಂಜೆ ಅಮ್ಮ ಬಂದು ಸೆರಗಿನ ಗಂಟಿನಲ್ಲಿದ್ದ ನಾಮಕರಣದ ಸಕ್ಕರೆ ಕೊಟ್ಟು, ಕಂಪ್ಯೂಟರಿನ ಕಡೆ ನೋಡಿ ‘ಇದ್ಯಾಕೆ ಹಿಂಗೆ ಬೀಗ ಹಾಕ್ಯಂಡು ಕುಂತೈತೆ?’ ಎಂದರು. ನಾನು ಉತ್ಸಾಹದಿಂದ ಎಲ್ಲ ಹೇಳಿದೆ. ಒಳಗೆ ಕಳ್ಳರು ಬಂದಿದ್ದರು, ಹಿಡಿದೆ, ಓಡಿಸಿದೆ ಎಂದು. ಅಮ್ಮ ಕೇಳಿದರು, ‘ಏನು ತಗಂಡು ಹೋದ್ರು?’ ಏನೂ ಇಲ್ಲಮ್ಮ, ಅವರು ಇಟ್ಟುಹೋಗಿದ್ದ ಒಂಬತ್ತು ಕಡತ ಇದ್ದವು, ನಾನೇ ಅಳಿಸಿದೆ ಎಂದೆ. ಅಮ್ಮ ಸೆರಗಿನ ಗಂಟನ್ನು ಮತ್ತೆ ಕಟ್ಟಿಕೊಂಡರು. ‘ಒಂಬತ್ತಾ?’ ಎಂದರು. ಹೌದು ಎಂದೆ. ಕಾಲು ತೊಳೆದು ಬರುತ್ತೇನೆ ಎಂದು ಹಿತ್ತಲಿಗೆ ಹೋದವರು ತುಂಬ ಹೊತ್ತು ಒಳಗೆ ಬರಲಿಲ್ಲ. ಪ್ರಯಾಣದ ದಣಿವು ಎಂದುಕೊಂಡೆ.

ನಿನಗೆ ಹೇಳಬೇಕಾದದ್ದೇ ಇಲ್ಲ, ಆದರೆ ನನಗೇ ನಾನು ಹೇಳಿಕೊಳ್ಳುತ್ತಿದ್ದೇನೆ: ಅಮ್ಮ ಹೊನ್ನಾಳಿಯ ತಾಲ್ಲೂಕು ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಟೈಪಿಸ್ಟ್ ಆಗಿದ್ದವರು. ಸಾಸ್ವೆಹಳ್ಳಿಯಿಂದ ಎಸ್ಸೆಸ್ಸೆಲ್ಸಿ ಮಾಡಿ ಹೋಗಿ, ಕನ್ನಡ ಬೆರಳಚ್ಚು ಪರೀಕ್ಷೆ ಕಟ್ಟಿ, ಸಂಬಳ ತಂದ ಮೊದಲ ಹೆಣ್ಣುಮಗಳು ನಿಮ್ಮ ವಂಶದಲ್ಲಿ. ಮೊದಲು ಟೈಪ್‌ರೈಟರ್, ಕೊನೆಯ ವರ್ಷಗಳಲ್ಲಿ ಕಂಪ್ಯೂಟರ್. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದೂ, ನನ್ನ ಕಣ್ಣಿಗೆ ಅವರು ಮಧ್ಯಾಹ್ನ ಸೀರಿಯಲ್ ನೋಡುವ, ಅವರೆಕಾಯಿ ಸುಲಿಯುವ ಎಪ್ಪತ್ತಮೂರರ ಅತ್ತೆ. ನಾನು ಕಾಲೇಜಿನಲ್ಲಿ, ನಿಮ್ಮಣ್ಣ ನ್ಯಾಮತಿಯಲ್ಲಿ ಇರುವಾಗ ಅವರು ಮಧ್ಯಾಹ್ನ ಮಧ್ಯಾಹ್ನ ಟೈಪ್ ಮಾಡುತ್ತಿರಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ. ಆ ನುಡಿಯನ್ನು ಪಿಂಚಣಿಯ ಅರ್ಜಿಗೆಂದು ಎಂದೋ ಅಮ್ಮನೇ ನಿಮ್ಮಣ್ಣನ ಕೈಯಿಂದ ಹಾಕಿಸಿಕೊಂಡದ್ದಂತೆ.

ಆ ವಾರ ಮನೆಯಲ್ಲಿ ಇಬ್ಬರು ನನ್ನೊಂದಿಗೆ ಸರಿಯಿರಲಿಲ್ಲ, ಅಥವಾ ನಾನು ಇಬ್ಬರೊಂದಿಗೂ ಸರಿಯಿರಲಿಲ್ಲ. ಅಮ್ಮ ಮಾತು ಕಡಿಮೆ ಮಾಡಿದರು. ನಾನು ನಿಮ್ಮಣ್ಣನ ಜೊತೆ ಮಾತು ಕಡಿಮೆ ಮಾಡಿದೆ, ಆ ನಾಲ್ಕು ಅಕ್ಷರದ ದೆಸೆಯಿಂದ. ಗುರುವಾರ ಅವರೇ ಕೇಳಿದರು, ‘ಏನಾಗೈತೆ ನಿನಗೆ? ನಾಕು ದಿನದಿಂದ ಸಾಹೇಬ್ರು ಬಂದಾಗ ಗುಮಾಸ್ತ ಮಾತಾಡ್ದಂಗೆ ಮಾತಾಡ್ತೀಯ.’ ಕಂಪ್ಯೂಟರಿನಲ್ಲಿ ಏನೇನು ಇಟ್ಟುಕೊಂಡಿದ್ದೀರಿ ಎಂದು ಬಾಯಿಬಿಟ್ಟು ಕೇಳಿಯೇಬಿಟ್ಟೆ. ಪಾಪ, ಅವರು ಬಹಳ ಹೊತ್ತು ಯೋಚಿಸಿ, ಇಸ್ಪೀಟಿನ ಆಟ ಒಂದು ಆಡುತ್ತೇನೆ ಎಂದು ಒಪ್ಪಿಕೊಂಡರು. ನನಗೆ ಇನ್ನೂ ಗೊಂದಲವಾಯಿತು.

ಎಂಟನೇ ತಾರೀಕು ಎರಡನೇ ಶನಿವಾರ, ಕಾಲೇಜಿಗೆ ರಜೆ. ಲೈಬ್ರರಿ ಕಾರ್ಡುಗಳನ್ನು ಅಚ್ಚು ಹಾಕಿಸಲು ತಾಲ್ಲೂಕು ಕಚೇರಿಯ ಹತ್ತಿರದ ತಿಪ್ಪೇರುದ್ರಸ್ವಾಮಿಯವರ ಡಿಟಿಪಿ ಅಂಗಡಿಗೆ ಹೋದೆ. ಅರ್ಜಿ, ಅಫಿಡವಿಟ್, ಲಗ್ನಪತ್ರಿಕೆ ಎಲ್ಲವನ್ನೂ ಟೈಪ್ ಮಾಡುವ ಮನುಷ್ಯ. ಚೀಲದಲ್ಲಿದ್ದ ಆ ಪ್ರಿಂಟನ್ನು ತೋರಿಸಿ, ನೋಡಿ, ಇಂಥ ವೈರಸ್ ಬಂದಿತ್ತು, ನೀವೂ ಹುಷಾರಾಗಿರಿ ಎಂದೆ. ಉಪದೇಶ ಮಾಡುವ ದನಿಯಲ್ಲೇ ಹೇಳಿದೆ ಎಂದು ಈಗ ನೆನಪಾಗುತ್ತದೆ. ಅವರು ಕನ್ನಡಕವನ್ನು ಹಣೆಗೆ ಏರಿಸಿ ಕಾಗದ ನೋಡಿದರು. ‘ವೈರಸ್ ಅಲ್ಲ ಮೇಡಂ,’ ಎಂದರು, ‘ಕನ್ನಡ ಐತೆ ಇದು.’ ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ನುಡಿಯಲ್ಲಿ ಹಳೇ ಕ್ರಮದಲ್ಲಿ ಟೈಪ್ ಮಾಡಿದ್ದು, ಅದರ ಅಕ್ಷರಗಳು ಮಷೀನಿನಲ್ಲಿ ಇದ್ದರೆ ಕನ್ನಡವಾಗಿ ಕಾಣುತ್ತದೆ. ನುಡಿಯನ್ನು ತೆಗೆದರೆ ಅಕ್ಷರಗಳೂ ಅದರ ಹಿಂದೆ ಹೋಗುತ್ತವೆ, ಉಳಿಯುವುದು ಈ ಕೊಂಬು-ಚುಕ್ಕಿ. ಪೌಂಡಿನ ಗುರುತು? ‘ಅದು ನಕಾರ ಮೇಡಂ. ನನ್ನ ಅಂತ ಬರುದ್ರೆ ಎರಡು ಪೌಂಡು. ಬ್ರಿಟಿಷರಿಗೂ ಇದಕ್ಕೂ ಸಂಬಂಧ ಇಲ್ಲ.’ ಜೆರಾಕ್ಸಿಗೆ ನಿಂತಿದ್ದವರು ನಕ್ಕರು, ನಾನೂ ನಕ್ಕೆ. ಇಪ್ಪತ್ತು ವರ್ಷದಿಂದ ಇಂಥವನ್ನು ನೋಡಿ ನೋಡಿ ಅವರಿಗೆ ಹಾಗೇ ಓದಲು ಬರುತ್ತದಂತೆ. ನನಗೆ ತೋರಿಸಲೆಂದು ಸಾಲಿನ ಕೆಳಗೆ ಬೆರಳಿಟ್ಟು, ಅಂಗಡಿಯಲ್ಲಿ ಇದ್ದವರಿಗೆಲ್ಲ ಕೇಳುವಂತೆ ಓದಿದರು: ‘ಪ್ರೀತಿಯ ನೇತ್ರಾ, ಅವತ್ತು ಆಸ್ಪತ್ರೆ ಬಾಗಿಲಲ್ಲಿ ನಾನು ನಿನಗೆ ಆಡಿದ ಮಾತು…’

ಕಾಗದವನ್ನು ಅವರ ಬೆರಳಿನ ಕೆಳಗಿನಿಂದ ಎಳೆದುಕೊಂಡೆ. ತುದಿ ಸ್ವಲ್ಪ ಹರಿಯಿತು. ಅಳಿಸಿದ್ದನ್ನು ತರಿಸಲು ಆಗುತ್ತದೆಯೇ ಎಂದು ಕೇಳಿದೆ. ‘ಬುಟ್ಟಿನೂ ಖಾಲಿ ಮಾಡೀರಿ, ಆಮ್ಯಾಲೆ ಒಂದು ವಾರ ಮಷೀನ್ ಬಳಸೀರಿ. ಸಿಗಾದು ಕಷ್ಟ ಮೇಡಂ,’ ಎಂದರು. ಕಾರ್ಡುಗಳ ವಿಷಯ ಮರೆತೇ ಮನೆಗೆ ನಡೆದೆ.

ಅಮ್ಮ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಎದುರಿಗೆ ಕೂತು ಕಾಗದ ಕೊಟ್ಟೆ, ಆದದ್ದನ್ನೆಲ್ಲ ಹೇಳಿದೆ. ನುಡಿಯನ್ನು ಹೇಗೆ ಓದಿದೆ ಎಂಬುದನ್ನೂ ಬಿಡಲಿಲ್ಲ. ನಗಬಹುದು, ಬೈಯಬಹುದು ಎಂದುಕೊಂಡಿದ್ದೆ, ಎರಡೂ ಮಾಡಲಿಲ್ಲ. ‘ನೀನು ಓದಿದ್ಯಾ?’ ಎಂದರು. ಮೊದಲ ಸಾಲು ಅಂಗಡಿಯವರು ಓದಿದರು, ಅದೂ ಪೂರ್ತಿ ಅಲ್ಲ ಎಂದೆ. ಅಮ್ಮ ಕಾಗದವನ್ನು ಮಡಚಿ ಮೊರದ ಕೆಳಗೆ ಇಟ್ಟುಕೊಂಡರು. ನಾಲ್ಕು ಕಾಯಿ ಸುಲಿದ ಮೇಲೆ ಹೇಳಿದರು, ‘ಮೂರು ವರ್ಷದಾಗೆ ಒಂಬತ್ತು ಸಲ ಬರ‍್ದೀನಿ ಲಕ್ಷ್ಮಿ. ಒಂದನ್ನೂ ಕಳಿಸಾಕೆ ಆಗ್ಲಿಲ್ಲ. ಬರ‍್ದಿದ್ದು ಓದಿದ್ರೆ, ಕ್ಷಮಿಸು ಅಂತ ಕೇಳಿದ್ದೀನೋ ಬೈದಿದ್ದೀನೋ ನಂಗೇ ತಿಳೀತಿರ‍್ಲಿಲ್ಲ. ನೀನು ಒಂದೇ ಗಳಿಗೆಗೆ ಒಂಬತ್ತನ್ನೂ ಮುಗಿಸ್ದೆ.’ ಅದರಲ್ಲಿ ಸಿಟ್ಟಿತ್ತೋ ಬೇರೇನಿತ್ತೋ, ನನಗೆ ಈಗಲೂ ಗೊತ್ತಿಲ್ಲ. ಸಂಜೆ ನಿಮ್ಮಣ್ಣನಿಗೆ ಹೇಳಿದಾಗ ಅವರು ನುಡಿಯ ಭಾಗಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನಿನ್ನ ಹೆಸರು ಬಂದ ಕೂಡಲೇ ಎದ್ದು ಜಗಲಿಗೆ ಹೋದರು.

ಇಲ್ಲಿ ಇನ್ನೊಂದು ಮಾತು ಇದೆ, ಇದನ್ನು ನೀನು ಒಂದು ಸಲವೂ ಎತ್ತಿ ಆಡಿಲ್ಲ. ಮುಂದಿನ ತಿಂಗಳಿಗೆ ಮಾವ ಹೋಗಿ ಮೂರು ವರ್ಷ. ಅವರು ಮನೆಯಲ್ಲೇ ಪ್ರಾಣ ಬಿಡಬೇಕು ಎಂದಿದ್ದು ನಿಜ. ಜಗಳೂರಿನಿಂದ ಓಡಿಬಂದ ನೀನು ಅವರ ಉಸಿರು ನೋಡಿ, ಇನ್ನೂ ಉಳಿಸಿಕೊಳ್ಳಬಹುದು, ದಾವಣಗೆರೆಗೆ ಕರೆದೊಯ್ಯುತ್ತೇನೆ ಎಂದದ್ದೂ ನಿಜ. ಅಲ್ಲಿ ಗಂಟಲಿಗೆ ಉಸಿರಿನ ಕೊಳವೆ ಹಾಕಲು ಒಪ್ಪಿಗೆ ಬೇಕೆಂದು ವೈದ್ಯರು ಕಾಗದ ಚಾಚಿದಾಗ ನೀನು ಪೆನ್ನು ಹಿಡಿದು ನನ್ನ ಮುಖ ನೋಡಿದೆ. ನಾನು ತಲೆಯಾಡಿಸಿದೆ. ಆಮೇಲೆ ಸಹಿ ಮಾಡಿದೆ ನೀನು. ನಾಲ್ಕನೇ ದಿನ ಅವರು ಹೋದರು, ಅಮ್ಮನನ್ನು ಒಳಗೆ ಬಿಡುವಷ್ಟರಲ್ಲಿ ಮುಗಿದಿತ್ತು. ಬಾಗಿಲಲ್ಲೇ ಅಮ್ಮ ಹೇಳಿದ್ದು ನಿನ್ನ ಕಿವಿಯಲ್ಲಿ ಇನ್ನೂ ಇರುತ್ತದೆ, ನನ್ನ ಕಿವಿಯಲ್ಲೂ ಇದೆ: ‘ನನ್ ಕೈಲಿ ಒಂದು ಗುಟುಕು ನೀರು ಕುಡೀದಂಗೆ ಹೋದ್ರು. ನೀನು ಮಾಡಿದ್ದು ಇದು. ನನ್ ಕಣ್ಣಿಗೆ ಬೀಳಬ್ಯಾಡ.’ ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ನಾನೂ ಒಪ್ಪಿದ್ದೆ ಎಂದು ಹೇಳಲು ಒಂದು ಮಾತು ಸಾಕಿತ್ತು. ಆ ಹೊತ್ತು ಬೇಡ, ಆಮೇಲೆ ಹೇಳೋಣ ಎಂದುಕೊಂಡೆ. ಆಮೇಲೆ ಎನ್ನುವುದು ಮೂರು ವರ್ಷವಾಯಿತು. ನೀನು ಈ ಮನೆಗೆ ಬರುವುದನ್ನು ಬಿಟ್ಟೆ, ನಾನು ಒಳ್ಳೆಯ ಸೊಸೆಯಾಗಿ ಇಲ್ಲೇ ಉಳಿದೆ. ಹೊರಗಿನವರನ್ನು ತಡೆಯಲು ಅಷ್ಟು ಬಾಗಿಲು ಹಾಕಿದ ದಿನ, ಅಮ್ಮನಿಂದ ನಿನ್ನ ಕಡೆಗೆ ತೆರೆದಿದ್ದ ಒಂದೇ ಕಿಂಡಿಯನ್ನು ನಾನೇ ಮುಚ್ಚಿದ್ದೆ ಎಂಬುದು ಗೊತ್ತಾದಾಗ, ಆ ದಿನ ಸುಮ್ಮನೆ ನಿಂತದ್ದಕ್ಕೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅಥವಾ ಇದೂ ನಾನೇ ಸುಮ್ಮನೆ ಹೊಂದಿಸಿಕೊಳ್ಳುತ್ತಿರುವುದೋ ಏನೋ.

ಅಂಗಡಿಗೆ ಹೋಗಿಬಂದ ಮರುದಿನ, ಭಾನುವಾರ, ತಿಪ್ಪೇರುದ್ರಸ್ವಾಮಿಯವರನ್ನು ಮನೆಗೆ ಕರೆದು ನುಡಿಯನ್ನು ಮತ್ತೆ ಹಾಕಿಸಿದೆ. ಅಮ್ಮನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದೆ. ಬರೆಯಿರಿ ಎಂದು ನಾನು ಹೇಳಲಿಲ್ಲ, ಬರೆಯುತ್ತೇನೆ ಎಂದು ಅವರೂ ಹೇಳಲಿಲ್ಲ. ಸುಮ್ಮನೆ ತಮ್ಮ ಹೆಸರನ್ನು ಟೈಪ್ ಮಾಡಿದರು. ಹನುಮಂತಮ್ಮ ಎಂದು ಕನ್ನಡದಲ್ಲಿ ಚೊಕ್ಕಟವಾಗಿ ಮೂಡಿತು. ಉಳಿಸಲು ಹೋದರೆ ಮೂಲೆಯಿಂದ ಒಂದು ಚೀಟಿ ಎದ್ದು ಬಂತು. ಅನಧಿಕೃತ ಬದಲಾವಣೆಯನ್ನು ತಡೆಯಲಾಗಿದೆ ಎಂದು ನಾನು ಕನ್ನಡ ಮಾಡಿ ಹೇಳಿದೆ. ಮೊದಲ ದಿನ ನಾನೇ ಹಾಕಿದ್ದ ಕಟ್ಟು ಅದು. ಅಮ್ಮ ನನ್ನ ಕಡೆ ತಿರುಗಿ, ‘ಇಪ್ಪತ್ತೆಂಟು ವರ್ಷ ತಹಸೀಲ್ದಾರ‍್ರ ಸಹಿಗೆ ಕಾಗದ ಮಾಡಿಕೊಟ್ಟೀನಿ. ಅನಧಿಕೃತ ಅಂತ ಇವತ್ತಿಗೆ ಅನ್ನಿಸ್ಕಂಡೆ,’ ಎಂದರು. ತಿಪ್ಪೇರುದ್ರಸ್ವಾಮಿ ಹಲ್ಲು ಕಚ್ಚಿ ನಗು ತಡೆದುಕೊಂಡರು. ನಂಬಿಕೆಯವರ ಪಟ್ಟಿಗೆ ನುಡಿಯನ್ನು ಸೇರಿಸುವುದು ಹೇಗೆಂದು ಹುಡುಕಲು ಅರ್ಧ ಗಂಟೆ ಹಿಡಿಯಿತು. ಪಟ್ಟಿಯಲ್ಲಿ ಅದಕ್ಕೂ ಮೊದಲು ಯಾರೂ ಇರಲಿಲ್ಲ.

ಜೊತೆಗೆ ಅಮ್ಮನಿಗೇ ಬೇರೆ ಖಾತೆ ತೆರೆದುಕೊಟ್ಟೆ, ನಾನು ಇನ್ನೊಮ್ಮೆ ಕೈ ಹಾಕದ ಹಾಗೆ. ಅವರ ಆರು ಅಂಕಿಯನ್ನು ಅವರೇ ಇಟ್ಟುಕೊಳ್ಳಬೇಕು, ಯಾರಿಗೂ ಹೇಳಬಾರದು ಎಂದು ಎರಡೆರಡು ಸಲ ತಿಳಿಸಿದೆ. ನನ್ನ ಮುಖವನ್ನು ಗೋಡೆ ಕಡೆ ತಿರುಗಿಸಿ ನಿ‌ಲ್ಲಿಸಿಯೇ ಒತ್ತಿದರು. ಎರಡು ದಿನ ಬಿಟ್ಟು, ಅಕಸ್ಮಾತ್ ಮರೆತರೆ ಕಷ್ಟ, ಎಲ್ಲಾದರೂ ಬರೆದಿಡಲೇ ಅಮ್ಮ ಎಂದು ಕೇಳಿದರೆ, ‘ನೀನೇ ಹೇಳಿದ್ದಲ್ಲ, ಯಾರಿಗೂ ಹೇಳಬ್ಯಾಡ ಅಂತ? ಯಾರಿಗೂ ಅಂದ್ರೆ ನೀನೂ ಬಂದೆ ಅದರಾಗೆ,’ ಎಂದರು. ನಿಮ್ಮಣ್ಣ ಕೇಳಿದ್ದಕ್ಕೂ ಅದೇ ಉತ್ತರ. ಈ ಮನೆಯಲ್ಲಿ ಸುರಕ್ಷತೆಯ ನಿಯಮವನ್ನು ಸರಿಯಾಗಿ ಪಾಲಿಸುತ್ತಿರುವವರು ಅವರೊಬ್ಬರೇ.

ಈಗ ಒಂದು ವಾರದಿಂದ ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಗೇಟಿನವರೆಗೂ ಕೀಲಿಮಣೆಯ ಸದ್ದು ಕೇಳುತ್ತದೆ. ಟೈಪ್‌ರೈಟರ್ ಮೇಲೆ ಕಲಿತ ಬೆರಳು, ಒಂದೊಂದು ಅಕ್ಷರಕ್ಕೂ ಮೊಳೆ ಹೊಡೆದ ಹಾಗೆ. ನಾನು ಚಪ್ಪಲಿ ಬಿಡುವಷ್ಟರಲ್ಲಿ ನಿಲ್ಲುತ್ತದೆ. ಒಳಗೆ ಹೋದರೆ ಪರದೆಗೆ ಬೀಗ, ಅಮ್ಮನ ಕೈಯಲ್ಲಿ ಸೌಟು. ನಿನಗೇ ಬರೆಯುತ್ತಿದ್ದಾರೋ, ಪಿಂಚಣಿ ಆಫೀಸಿಗೋ, ನನಗೆ ಗೊತ್ತಿಲ್ಲ. ನಿನಗೇ ಆದರೆ, ಕಳಿಸುತ್ತಾರೋ ಅಥವಾ ಹತ್ತನೆಯದನ್ನೂ ಒಳಗೇ ಇಡುತ್ತಾರೋ ಅದೂ ಗೊತ್ತಿಲ್ಲ. ನಾನು ಕೇಳಿಲ್ಲ. ಕೇಳಿದರೆ ನಿಂತುಹೋಗುತ್ತದೆ ಎಂಬ ಭಯ. ಆ ಹರಿದ ಪುಟವನ್ನು ಈ ಕಾಗದದ ಜೊತೆ ಇಡಬಹುದಲ್ಲ ಎಂದು ನೀನು ಯೋಚಿಸಬಹುದು. ಅದು ಅಮ್ಮನದು, ಅವರ ಹತ್ತಿರವೇ ಇದೆ. ಅವರು ಕಳಿಸಬೇಕೆಂದು ತೀರ್ಮಾನ ಮಾಡದೆ ಇದ್ದದ್ದನ್ನು ನಾನು ಕಳಿಸುವುದು, ಅವರು ಅಳಿಸಬೇಕೆಂದು ಹೇಳದೆ ಇದ್ದದ್ದನ್ನು ಅಳಿಸಿದ ಹಾಗೆಯೇ ಆಗುತ್ತದೆ ಎನಿಸಿತು. ನಾನು ಕೊಡಬಹುದಾದದ್ದು ಇಷ್ಟೇ: ಒಂಬತ್ತು ಪತ್ರ ಇದ್ದವು, ಅವುಗಳ ಮೇಲೆ ನಿನ್ನ ಹೆಸರಿತ್ತು, ಹೆಸರಿನ ಮುಂದೆ ಪ್ರೀತಿಯ ಎಂದಿತ್ತು. ಅಷ್ಟನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ.

ಕೆಂಚೇಶ್ ಅವರಿಗೆ ನಮಸ್ಕಾರ ತಿಳಿಸು. ಚೈತ್ರಶ್ರೀಗೆ ನನ್ನ ಆಶೀರ್ವಾದ. ಇಂಗ್ಲಿಷಿನಲ್ಲಿ ಏನಾದರೂ ತೊಡಕಿದ್ದರೆ ಅತ್ತೆಗೆ ಫೋನ್ ಮಾಡು ಎಂದು ಹೇಳು, ಕನ್ನಡದ್ದಾದರೆ ಅಜ್ಜಿಗೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಬೆನ್ನಿಗೆ ಬಿಸಿ ಶಾಖ ಕೊಟ್ಟುಕೋ. ನಿನ್ನ ಸಿಟ್ಟು ನನ್ನ ಮೇಲೆ ಎಷ್ಟಿದ್ದರೂ ಅದು ಸರಿಯಾದ ಜಾಗದಲ್ಲೇ ಇದೆ ಎಂದು ತಿಳಿದಿದ್ದೇನೆ.

ನಿನ್ನ ಅತ್ತಿಗೆ,
ಲಕ್ಷ್ಮಿದೇವಿ

ಮರೆಯುವ ಮುಂಚೆ: ಸಹಿ ಹಾಕಿ ಓದಿಕೊಂಡಾಗ, ನಿನಗೆ ಬರೆದದ್ದನ್ನು ಅಮ್ಮನಿಗೆ ಹೇಳದೆ ಅಂಚೆಗೆ ಹಾಕುವುದು ಮತ್ತೆ ಎರಡು ಹೆಜ್ಜೆ ಹಿಂದೆ ನಿಂತ ಹಾಗೆಯೇ ಅನಿಸಿತು. ಈಗಷ್ಟೇ ಅಡುಗೆಮನೆಗೆ ಹೋಗಿ ಹೇಳಿ ಬಂದೆ. ಆ ದಿನ ನೇತ್ರಾ ನನ್ನನ್ನು ನೋಡಿದಳು, ನಾನು ತಲೆಯಾಡಿಸಿದ ಮೇಲೆಯೇ ಸಹಿ ಮಾಡಿದಳು ಎಂದು. ಅಮ್ಮ ಒಲೆ ಆರಿಸಿದರು. ನನಗೆ ಬೆನ್ನು ಮಾಡಿ ಪಾತ್ರೆ ಇಳಿಸಿದರು. ನನ್ನ ಮೇಲಿನ ಸಿಟ್ಟು ಇವತ್ತು ಶುರುವಾಗಿದೆ, ಎಷ್ಟು ದಿನ ಇರುತ್ತದೋ ಗೊತ್ತಿಲ್ಲ, ಇರಲಿ. ಕೊನೆಗೆ ಕೇಳಿದ್ದು ಇಷ್ಟೇ, ‘ಜಗಳೂರಿನ ಕವರಿಗೆ ಗೋಂದು ಹಚ್ಚಿದ್ಯಾ?’ ಇಲ್ಲ ಎಂದೆ. ‘ಹಚ್ಚಬ್ಯಾಡ. ಹಿಂದಲ ಮಾತು ಒಂದಿಷ್ಟು ತಿದ್ದಾಕೆ ಐತೆ ಈಗ. ಬುಧವಾರಕ್ಕೆ ನಂದೂ ಮುಗೀತದೆ,’ ಎಂದರು. ಕವರನ್ನು ಕಂಪ್ಯೂಟರಿನ ಪಕ್ಕ ಬಾಯಿ ತೆರೆದೇ ಇಟ್ಟಿದ್ದೇನೆ. ಗುರುವಾರ ಬೆಳಿಗ್ಗೆ ಒಳಗೆ ನೋಡದೆ ಅಂಟಿಸಿ ಅಂಚೆಗೆ ಹಾಕುತ್ತೇನೆ, ನವೆಂಬರ್ ಇಪ್ಪತ್ತು.